ಹಾಳೆಯ ಕಾಲ, ಸಾಲದ ಕಾಲ: ಪಿಎಂಇಜಿಪಿ ಯೋಜನೆಯನ್ನು ಬಳಸಿ ನೋಡಿದ ಮೇಲೆ

ಹೊಸನಗರ ತಾಲ್ಲೂಕಿನ ನಮ್ಮೂರಿನಲ್ಲಿ ನಾನು ಅಡಿಕೆ ಹಾಳೆಯಿಂದ ತಟ್ಟೆ, ದೊನ್ನೆ ಮಾಡುವ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇನೆ. 2022ರಲ್ಲಿ ಇದನ್ನು ಆರಂಭಿಸಲು ಹಣ ಒದಗಿದ್ದು ಕೇಂದ್ರ ಸರ್ಕಾರದ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಯೋಜನೆಯಿಂದ. ಎಲ್ಲರೂ ಕರೆಯುವ ಹೆಸರಿನಲ್ಲಿ ಹೇಳುವುದಾದರೆ ಪಿಎಂಇಜಿಪಿಯಿಂದ. ಅರ್ಜಿ ಹಾಕಿದ ದಿನದಿಂದ ಹಿಡಿದು ಸಹಾಯಧನದ ಮೂರು ವರ್ಷದ ಅವಧಿ ಮುಗಿಯುವವರೆಗಿನ ಇಡೀ ಸುತ್ತನ್ನು ನಾನು ದಾಟಿದ್ದೇನೆ. ಈಗ ವಾರಕ್ಕೆ ಒಬ್ಬರಾದರೂ ಮನೆಗೆ ಬಂದು ‘ಅಕ್ಕಾ, ಆ ಸಾಲ ತೆಗೆದುಕೊಳ್ಳಬಹುದಾ?’ ಎಂದು ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಒಂದೆಡೆ ಬರೆದಿಡುವುದು ಒಳ್ಳೆಯದೆನಿಸಿದೆ. ತೆಗೆದುಕೊಳ್ಳಬಹುದು ಎಂಬುದೇ ನನ್ನ ಉತ್ತರ. ಆದರೆ ನಿಮ್ಮ ಕಸುಬಿಗೆ ಯಾವ ತಿಂಗಳಲ್ಲಿ ಹಣ ಬೇಕು ಎಂಬುದನ್ನು ಮೊದಲು ಬರೆದುಕೊಂಡು, ಅದಕ್ಕಿಂತ ಎಂಟು ತಿಂಗಳು ಹಿಂದೆಯೇ ಅರ್ಜಿ ಹಾಕಬೇಕು.

ಮೊದಲು ಯೋಜನೆಯ ಪರಿಚಯ. 1993ರಿಂದ ನಡೆದುಬಂದಿದ್ದ ಪ್ರಧಾನ ಮಂತ್ರಿ ರೋಜ್‌ಗಾರ್ ಯೋಜನೆಯನ್ನೂ ಖಾದಿ ಆಯೋಗದ ಗ್ರಾಮೀಣ ಉದ್ಯೋಗ ಕಾರ್ಯಕ್ರಮವನ್ನೂ ಒಂದುಗೂಡಿಸಿ 2008ರಲ್ಲಿ ಪಿಎಂಇಜಿಪಿಯನ್ನು ತರಲಾಯಿತು. ಕೇಂದ್ರದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಚಿವಾಲಯ ಇದಕ್ಕೆ ಹಣ ಕೊಡುತ್ತದೆ. ದೇಶದ ಮಟ್ಟದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ನೋಡಿಕೊಳ್ಳುತ್ತದೆ. ನಮ್ಮಂಥವರ ಕೈಗೆ ಸಿಗುವುದು ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ರಾಜ್ಯದ ಖಾದಿ ಮಂಡಳಿ. ಸಾಲ ಕೊಡುವವರು ಮಾತ್ರ ಬ್ಯಾಂಕಿನವರು. ಸರ್ಕಾರ ಸಹಾಯಧನ ಕೊಡುತ್ತದೆಯೇ ಹೊರತು ಸಾಲ ಕೊಡುವುದಿಲ್ಲ ಎಂಬ ಈ ಒಂದು ಸಂಗತಿ ತಿಳಿಯದೆ ಎಷ್ಟೋ ಜನ ಕೈಗಾರಿಕಾ ಕೇಂದ್ರದ ಬಾಗಿಲಿಗೆ ಅಲೆದು ಬೇಸತ್ತು ಬಿಟ್ಟಿದ್ದಾರೆ. 2022ರಲ್ಲಿ ಯೋಜನೆಯನ್ನು 2025-26ರವರೆಗೆ ಮುಂದುವರಿಸಿದಾಗ ತಯಾರಿಕಾ ಘಟಕಗಳ ವೆಚ್ಚದ ಮಿತಿಯನ್ನು 25 ಲಕ್ಷದಿಂದ 50 ಲಕ್ಷ ರೂಪಾಯಿಗೂ, ಸೇವಾ ಘಟಕಗಳ ಮಿತಿಯನ್ನು 10 ಲಕ್ಷದಿಂದ 20 ಲಕ್ಷಕ್ಕೂ ಏರಿಸಿದರು.

ನನ್ನ ಲೆಕ್ಕವನ್ನೇ ಇಡುತ್ತೇನೆ. ಹೈಡ್ರಾಲಿಕ್ ಪ್ರೆಸ್, ಐದು ಅಚ್ಚುಗಳು, ನೆನೆಹಾಕುವ ತೊಟ್ಟಿ, ಒಣಗಿಸುವ ಮಾಡು, ಕರೆಂಟಿನ ಸಂಪರ್ಕ, ಕಚ್ಚಾವಸ್ತು ಕೊಳ್ಳಲು, ದಿನದ ಖರ್ಚಿಗೆ ಬೇಕಾದ ಸ್ವಲ್ಪ ದುಡಿಯುವ ಬಂಡವಾಳ ಎಲ್ಲ ಸೇರಿ 8 ಲಕ್ಷ ರೂಪಾಯಿಯ ಯೋಜನೆ. ಜಾಗದ ಬೆಲೆಯನ್ನು ಇದರಲ್ಲಿ ಸೇರಿಸುವಂತಿಲ್ಲ. ಸಾಮಾನ್ಯ ವರ್ಗದವರು ಶೇ 10ರಷ್ಟು ಸ್ವಂತ ಹಣ ಹಾಕಬೇಕು. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ ಶೇ 5 ಸಾಕು. ಹಾಗಾಗಿ ನನ್ನ ಪಾಲು 40 ಸಾವಿರ, ಬ್ಯಾಂಕಿನ ಸಾಲ 7 ಲಕ್ಷದ 60 ಸಾವಿರ. ಸಹಾಯಧನ ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಮಹಿಳೆಯರು ಮೊದಲಾದ ಆ ವಿಶೇಷ ವರ್ಗಕ್ಕೆ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ನನ್ನ ಮಾಡು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇರುವುದರಿಂದ 2 ಲಕ್ಷದ 80 ಸಾವಿರ ಬಂತು. ಪಟ್ಟಣ ಪಂಚಾಯಿತಿಯ ಗಡಿಯೊಳಗೆ ಬಾಡಿಗೆ ಕಟ್ಟಡ ಹಿಡಿದಿದ್ದರೆ ಅದರಲ್ಲಿ 80 ಸಾವಿರ ಕಡಿಮೆಯಾಗುತ್ತಿತ್ತು. ಜಾಗ ಗೊತ್ತುಮಾಡುವ ಮುಂಚೆಯೇ ಯೋಚಿಸಬೇಕಾದ ಮಾತಿದು.

ಸಹಾಯಧನದ ವಿಷಯದಲ್ಲಿ ಜನರಿಗಿರುವ ದೊಡ್ಡ ತಪ್ಪು ಕಲ್ಪನೆ, ಅದು ಕೈಗೆ ಬರುವ ಹಣ ಎಂಬುದು. ಅದು ಕೈಗೆ ಬರುವುದಿಲ್ಲ. ಬ್ಯಾಂಕು ಸಾಲ ಬಿಡುಗಡೆ ಮಾಡಿ ಆಯೋಗಕ್ಕೆ ಬೇಡಿಕೆ ಕಳಿಸಿದ ಮೇಲೆ ಆ ಮೊತ್ತ ಬಂದು ನಮ್ಮ ಹೆಸರಿನಲ್ಲಿ ಮೂರು ವರ್ಷದ ಠೇವಣಿಯಾಗಿ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಸಿಗುವುದಿಲ್ಲ. ಅಷ್ಟೇ ಮೊತ್ತದ ಸಾಲದ ಮೇಲೆ ಬ್ಯಾಂಕು ಬಡ್ಡಿ ಹಾಕುವಂತೆಯೂ ಇಲ್ಲ. ಹೀಗಾಗಿ ಠೇವಣಿ ಬಂದ ದಿನದಿಂದ ನನಗೆ 4 ಲಕ್ಷದ 80 ಸಾವಿರಕ್ಕೆ ಮಾತ್ರ ಬಡ್ಡಿ ಬಿತ್ತು. ಮೂರು ವರ್ಷ ಘಟಕ ನಡೆದು, ಪರಿಶೀಲನೆಗೆ ಬಂದವರು ಕಣ್ಣಾರೆ ನೋಡಿ ವರದಿ ಕೊಟ್ಟ ಮೇಲೆ ಅದು ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಬಾಗಿಲು ಹಾಕಿದರೆ ಆ ಹಣ ಸರ್ಕಾರಕ್ಕೆ ಮರಳುತ್ತದೆ, ಇಡೀ ಸಾಲ ನಮ್ಮ ತಲೆಯ ಮೇಲೆ ಉಳಿಯುತ್ತದೆ. ಈ ವ್ಯವಸ್ಥೆ ನನಗೆ ಸರಿ ಎನಿಸುತ್ತದೆ. ಹಣ ಕೈಗೆ ಬಂದಿದ್ದರೆ ಮಗಳ ಕಾಲೇಜು ಶುಲ್ಕಕ್ಕೋ ಮನೆಯ ಮಾಡಿಗೋ ಹೋಗುತ್ತಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಠೇವಣಿ ಬರುವುದು ತಡವಾದಷ್ಟು ದಿನ ಮಾತ್ರ ಪೂರ್ತಿ ಸಾಲಕ್ಕೆ ಬಡ್ಡಿ ಕಟ್ಟಬೇಕು. ನನಗೆ ಮೇ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಹಾಗೆ ಹೆಚ್ಚಾಗಿ ಹೋದದ್ದು ಆರು ಸಾವಿರ ರೂಪಾಯಿಯ ಹತ್ತಿರ.

ಅರ್ಜಿಯ ಹಂತ ನಾನು ಅಂಜಿದಷ್ಟು ಕಷ್ಟವಾಗಲಿಲ್ಲ. 2021ರ ಆಗಸ್ಟಿನಲ್ಲಿ ಆಯೋಗದ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್, ಜಾತಿ ಪ್ರಮಾಣಪತ್ರ, ಗ್ರಾಮೀಣ ಪ್ರದೇಶದ ದೃಢೀಕರಣ, ಯಂತ್ರದ ಕೊಟೇಶನ್, ಯೋಜನಾ ವರದಿ ಇಷ್ಟನ್ನು ಹಾಕಿದೆವು. ತಯಾರಿಕಾ ಘಟಕದ ವೆಚ್ಚ 10 ಲಕ್ಷ ಮೀರಿದರೆ ಮಾತ್ರ ಎಂಟನೆಯ ತರಗತಿ ಪಾಸಾಗಿರಬೇಕು. ಅದರೊಳಗಿನ ಯೋಜನೆಗೆ ಓದಿನ ಷರತ್ತೇ ಇಲ್ಲ. ನನ್ನ ಜೊತೆ ಅರ್ಜಿ ಹಾಕಿದ ಒಬ್ಬರು ಮೂರನೆಯ ತರಗತಿಗೆ ಶಾಲೆ ಬಿಟ್ಟವರು, ಅವರಿಗೂ ಸಾಲ ಸಿಕ್ಕಿದೆ. ಗಂಡ ಹೆಂಡತಿಯರಲ್ಲಿ ಒಬ್ಬರಿಗೆ ಮಾತ್ರ ಸಿಗುತ್ತದೆ, ಹಳೆಯ ಘಟಕಗಳಿಗೆ ಸಿಗುವುದಿಲ್ಲ. ಕೈಗಾರಿಕಾ ಕೇಂದ್ರದವರು ಮೂರು ವಾರದೊಳಗೆ ಪರಿಶೀಲಿಸಿ ಬ್ಯಾಂಕಿಗೆ ಕಳುಹಿಸಿದರು. ಅಲ್ಲಿಯ ಮೇಜಿನ ಹಿಂದಿದ್ದ ಮಹಿಳೆ ನನ್ನ ಯೋಜನಾ ವರದಿಯಲ್ಲಿ ಕರೆಂಟಿನ ಖರ್ಚು ಕಡಿಮೆ ತೋರಿಸಿದ್ದನ್ನು ಗುರುತಿಸಿ, ಪೆನ್ಸಿಲಿನಲ್ಲಿ ತಿದ್ದಿ, ‘ಹೀಗೆ ಬರೆದರೆ ಆರು ತಿಂಗಳಿಗೆ ನಿಮಗೇ ತೊಂದರೆ’ ಎಂದು ತಿಳಿಸಿಹೇಳಿದ್ದನ್ನು ನಾನು ಮರೆಯುವುದಿಲ್ಲ.

ಬ್ಯಾಂಕಿನಲ್ಲಿ ಸೆಪ್ಟೆಂಬರಿನಿಂದ ಮಾರ್ಚಿಯವರೆಗೆ ಕಡತ ಅಲುಗಾಡಲಿಲ್ಲ. ಶಾಖೆಯ ಹೆಸರು ಇಲ್ಲಿ ಬೇಡ. ಈ ಅನುಭವ ಒಂದು ಶಾಖೆಗೆ ಸೀಮಿತವೂ ಅಲ್ಲ. ಮೊದಲು ಮನೆಯ ಪತ್ರ ತನ್ನಿ ಎಂದರು. ಆಗ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮವಿತ್ತು, ಪಿಎಂಇಜಿಪಿ ಘಟಕಗಳಿಗೂ ಅದು ಅನ್ವಯಿಸುತ್ತಿತ್ತು. ನನಗದು ಗೊತ್ತಿದ್ದುದರಿಂದ ವಿನಯದಿಂದಲೇ ಹೇಳಿದೆ. ಬಳಿಕ ಒಂದು ಲಕ್ಷದ ಠೇವಣಿ ಇಡಿ, ಒಂದು ವಿಮಾ ಪಾಲಿಸಿ ಮಾಡಿಸಿ ಎಂಬ ಮಾತು ಬಂತು. ಡಿಸೆಂಬರಿನಲ್ಲಿ ವ್ಯವಸ್ಥಾಪಕರು ವರ್ಗವಾದರು, ಹೊಸಬರು ಬಂದು ಮೊದಲಿನಿಂದ ಓದಬೇಕಾಯಿತು. ಹೊಸಬರು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಸ್ವತಃ ಊರಿಗೆ ಬಂದು, ನಮ್ಮ ತೋಟದಲ್ಲಿ ಬಿದ್ದ ಹಾಳೆಯನ್ನು ಕೈಯಲ್ಲಿ ಹಿಡಿದು, ಒಂದು ಹಾಳೆಯಿಂದ ಎಷ್ಟು ತಟ್ಟೆ ಬರುತ್ತದೆ, ಉಳಿದ ಚೂರಿನಲ್ಲಿ ಏನಾಗುತ್ತದೆ ಎಂದು ಕೇಳಿ ತಿಳಿದುಕೊಂಡದ್ದು. ಮರುವಾರವೇ ಸಾಲ ಮಂಜೂರಾಯಿತು. ಏಳು ತಿಂಗಳು ಕಾಗದದಲ್ಲಿ ಬಗೆಹರಿಯದ ವಿಷಯ ಒಂದು ಮಧ್ಯಾಹ್ನದ ಭೇಟಿಯಲ್ಲಿ ಬಗೆಹರಿದಿತ್ತು.

ಮಂಜೂರಾತಿಯ ಬಳಿಕ ನನಗೆ ಹತ್ತು ದಿನದ ಉದ್ಯಮಶೀಲತಾ ತರಬೇತಿ ಕಡ್ಡಾಯವಾಗಿತ್ತು. ನನ್ನ ಪಾಲಿಗೆ ಇಡೀ ಯೋಜನೆಯಲ್ಲಿ ಅತ್ಯಂತ ಬೆಲೆಬಾಳಿದ್ದು ಈ ಹತ್ತು ದಿನ. ಇದನ್ನು ನಡೆಸಿದ್ದು ಜಿಲ್ಲೆಯ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ. ಇದರ ಬೇರು ನಮ್ಮ ರಾಜ್ಯದಲ್ಲೇ ಇದೆ: 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಸೇರಿ ನಿರುದ್ಯೋಗಿ ಯುವಕರಿಗೆ ಉಚಿತವಾಗಿ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಯನ್ನು ಕಟ್ಟಿದರು. ಊಟ, ವಸತಿಯೂ ಅಲ್ಲೇ. ತರಬೇತಿ ಮುಗಿದವರನ್ನು ಕೈಬಿಡದೆ, ಮುಂದಕ್ಕೂ ಬೆನ್ನಹಿಂದೆ ನಿಂತು ವಿಚಾರಿಸುವ ಪದ್ಧತಿ ಅವರದು. ಆ ಮಾದರಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ದೇಶಕ್ಕೆಲ್ಲ ಒಯ್ದು, ಜಿಲ್ಲೆಗೊಂದು ಆರ್‌ಸೆಟಿ ಇರಬೇಕೆಂದು ಗೊತ್ತುಮಾಡಿತು. ಉಜಿರೆಯಲ್ಲಿ ಹುಟ್ಟಿದ ಒಂದು ಆಲೋಚನೆ ಬಿಹಾರದ, ಅಸ್ಸಾಮಿನ ಹುಡುಗಿಯರಿಗೂ ತಲುಪಿದೆ ಎಂದು ನೆನೆದಾಗ ನನಗೆ ನಿಜವಾಗಿಯೂ ಹೆಮ್ಮೆಯಾಗುತ್ತದೆ.

ತರಬೇತಿಯ ನಾಲ್ಕನೆಯ ದಿನ ನಮ್ಮ ಮೇಷ್ಟ್ರು ಒಂದು ಕಾಗದದಲ್ಲಿ ಹನ್ನೆರಡು ಮನೆ ಬರೆಸಿ, ಪ್ರತಿ ತಿಂಗಳೂ ಎಷ್ಟು ಕಚ್ಚಾವಸ್ತು ಕೊಳ್ಳುತ್ತೀರಿ, ಎಷ್ಟು ಮಾಲು ಮಾರುತ್ತೀರಿ, ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ತುಂಬಿಸಲು ಹೇಳಿದರು. ಹೊಲಿಗೆಯವರ, ಬ್ಯೂಟಿ ಪಾರ್ಲರಿನವರ ಪಟ್ಟಿಯಲ್ಲಿ ಹನ್ನೆರಡೂ ಮನೆ ಹೆಚ್ಚುಕಡಿಮೆ ಒಂದೇ ಥರ ಇತ್ತು. ನನ್ನದರಲ್ಲಿ ಡಿಸೆಂಬರಿನಿಂದ ಮೇವರೆಗೆ ಕೊಳ್ಳುವ ಸಾಲು ತುಂಬಿತ್ತು, ಜೂನಿನಿಂದ ನವೆಂಬರಿನವರೆಗೆ ಖಾಲಿ. ಹಾಳೆ ಬೀಳುವುದು, ಒಣಗಿದ್ದು ಸಿಗುವುದು ಬೇಸಿಗೆಯಲ್ಲಿ ಮಾತ್ರ. ಮಳೆ ಹಿಡಿದ ಮೇಲೆ ಬಿದ್ದದ್ದು ಕಪ್ಪಾಗುತ್ತದೆ. ಮೇಷ್ಟ್ರು ಆ ಕಾಗದವನ್ನು ಬಹಳ ಹೊತ್ತು ನೋಡಿ, ‘ನಿಮಗೆ ಒಂದು ತಿಂಗಳ ದುಡಿಯುವ ಬಂಡವಾಳ ಸಾಲದಲ್ಲ ತಾಯಿ, ಇಡೀ ವರ್ಷದ್ದು ಬೇಕು’ ಎಂದರು. ನನ್ನ ಯೋಜನಾ ವರದಿಯನ್ನು ಬರೆದುಕೊಟ್ಟವರು ಮಾದರಿ ವರದಿಯಂತೆ ಒಂದು ತಿಂಗಳ ಕಚ್ಚಾವಸ್ತುವಿಗೆ ಮಾತ್ರ ಹಣ ತೋರಿಸಿದ್ದರು. ಅದೇ ಮಂಜೂರಾಗಿ ಹೋಗಿತ್ತು.

ಅದರ ಪರಿಣಾಮವನ್ನು ಆ ಮಳೆಗಾಲದಲ್ಲೇ ಉಂಡೆವು. ಸಾಲ ಬಿಡುಗಡೆಯಾದದ್ದು ಮೇ 27ಕ್ಕೆ. ಯಂತ್ರ ಬಂದು ಕೂರುವ ಹೊತ್ತಿಗೆ ಜೂನ್ ಎರಡನೆಯ ವಾರ, ಹೊರಗೆ ಮಳೆ. ಊರಿನ ತೋಟಗಳಲ್ಲಿ ಹೆಕ್ಕಲು ಒಂದು ಒಳ್ಳೆಯ ಹಾಳೆ ಉಳಿದಿರಲಿಲ್ಲ. ಚನ್ನಗಿರಿ ಕಡೆಯ ದಾಸ್ತಾನುಗಾರರಿಂದ ಎರಡರಷ್ಟು ಬೆಲೆ ಕೊಟ್ಟು ಹತ್ತು ಸಾವಿರ ಹಾಳೆ ತರಿಸಿ ಕೊಟ್ಟಿಗೆಯ ಅಟ್ಟದಲ್ಲಿ ಜೋಡಿಸಿದೆವು. ಆಗಸ್ಟಿನ ಒಂದು ಬೆಳಿಗ್ಗೆ ನಾನೂ ಅತ್ತಿಗೆಯೂ ಒಂದು ಕಟ್ಟು ಬಿಚ್ಚಿದಾಗ ಒಳಗಿನ ಹಾಳೆಗಳ ಮೇಲೆ ಬೂದಿಯಂಥ ಬೂಸ್ಟು ಹರಡಿತ್ತು, ಕೈಯಿಟ್ಟರೆ ಹುಡಿ ಏಳುತ್ತಿತ್ತು, ಹಳೆಯ ಗೋಣಿಯ ವಾಸನೆ. ಒರೆಸಿ, ತೊಳೆದು, ಒಲೆಯ ಮೇಲಿನ ಅಟ್ಟದಲ್ಲಿ ಹರವಿ ಉಳಿಸಲು ನೋಡಿದೆವು. ಅಚ್ಚಿನಲ್ಲಿಟ್ಟು ಒತ್ತಿದರೆ ತಟ್ಟೆಯ ನಡುವೆ ಕಪ್ಪು ಚುಕ್ಕೆ ಹಾಗೇ ನಿಲ್ಲುತ್ತಿತ್ತು. ಮೂರರಲ್ಲಿ ಒಂದು ಪಾಲನ್ನು ಗೊಬ್ಬರದ ಗುಂಡಿಗೆ ಹಾಕಿದೆವು. ಅದೇ ಸಾಲ ಫೆಬ್ರುವರಿಯಲ್ಲಿ ಬಂದಿದ್ದರೆ ಊರಿನ ಹಾಳೆಯನ್ನೇ ಅರ್ಧ ಬೆಲೆಗೆ ಕೊಂಡು ಬಿಸಿಲಿನಲ್ಲಿ ಒಣಗಿಸಿ ಇಡಬಹುದಿತ್ತು. ಇಷ್ಟನ್ನೂ ವಿವರವಾಗಿ ಹೇಳಲು ಕಾರಣವಿದೆ: ಈ ಯೋಜನೆಯ ಮೊತ್ತ, ಪ್ರಮಾಣ, ಷರತ್ತುಗಳಲ್ಲಿ ನನಗೆ ದೊಡ್ಡ ತಕರಾರಿಲ್ಲ. ಮಲೆನಾಡಿನ ಹಾಳೆ, ಜೇನು, ಅಪ್ಪೆಮಿಡಿ, ಮುರುಗಲು ಇವಕ್ಕೆಲ್ಲ ವರ್ಷದಲ್ಲಿ ಒಂದೇ ಕಾಲ ಇರುತ್ತದೆ, ಆ ಕಾಲವನ್ನು ಕೇಳುವ ಒಂದು ಅಂಕಣವೂ ಅರ್ಜಿಯಲ್ಲಿ ಇರಲಿಲ್ಲ ಎಂಬುದೇ ತಕರಾರು.

ಎರಡನೆಯ ವರ್ಷ ನಮ್ಮನ್ನು ಉಳಿಸಿದ್ದು ಕೇಂದ್ರದ್ದೇ ಇನ್ನೊಂದು ವ್ಯವಸ್ಥೆ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವನ್ನು ನಮ್ಮ ರಾಜ್ಯದಲ್ಲಿ ಸಂಜೀವಿನಿ ಎನ್ನುತ್ತಾರೆ. ಅದರಡಿಯ ನಮ್ಮ ಸ್ವಸಹಾಯ ಸಂಘಕ್ಕೆ ಬಂದ ಬ್ಯಾಂಕ್ ಸಾಲದಲ್ಲಿ ನನ್ನ ಪಾಲು 80 ಸಾವಿರ. 2023ರ ಜನವರಿಯಲ್ಲಿ ಸಂಘದ ಸಭೆಯಲ್ಲಿ ಕೇಳಿದೆ, ಒಂಬತ್ತನೆಯ ದಿನಕ್ಕೆ ಖಾತೆಗೆ ಬಂತು. ಯೋಜನಾ ವರದಿ ಕೇಳಲಿಲ್ಲ. ನನ್ನ ಮನೆಯ ಅಂಗಳದಲ್ಲಿ ಹಾಳೆ ಒಣಗುವುದನ್ನು ದಿನವೂ ನೋಡುವ ಹನ್ನೆರಡು ಹೆಂಗಸರು ಒಪ್ಪಿದ್ದೇ ಸಾಕಾಯಿತು. ಮೊತ್ತ ಚಿಕ್ಕದು, ಆದರೆ ಬಂದ ತಿಂಗಳು ಸರಿಯಾಗಿತ್ತು. ಆ ಬೇಸಿಗೆಯಲ್ಲಿ ಹೆಕ್ಕಿಸಿದ ಹಾಳೆ ನವೆಂಬರಿನವರೆಗೂ ಬಂತು.

ಇಲ್ಲಿ ಮುದ್ರಾ ಸಾಲದ ಬಗ್ಗೆ ಎರಡು ಮಾತು, ಏಕೆಂದರೆ ಅದನ್ನೂ ಪಿಎಂಇಜಿಪಿಯನ್ನೂ ಬೆರೆಸಿ ಕೇಳುವವರು ಬಹಳ. 2015ರ ಏಪ್ರಿಲ್ 8ರಂದು ಆರಂಭವಾದ ಮುದ್ರಾದಲ್ಲಿ 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂಬ ಹಂತಗಳಿವೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರ ಅಕ್ಟೋಬರಿನಿಂದ 20 ಲಕ್ಷದವರೆಗೂ ಸಿಗುತ್ತದೆ. ಅಡಮಾನ ಬೇಡ. ಇದರಲ್ಲಿ ಸಹಾಯಧನ ಎಂಬುದು ಇಲ್ಲವೇ ಇಲ್ಲ. ‘ಮುದ್ರಾದಲ್ಲಿ ಅರ್ಧ ಮಾಫಿ’ ಎಂದು ಹೇಳಿ ಹಣ ಕೇಳುವವರು ಎದುರಾದರೆ ಅಲ್ಲಿಂದ ಎದ್ದು ಬನ್ನಿ. ನಡೆಯುತ್ತಿರುವ ಕಸುಬಿಗೆ ಬೇಗ ಹಣ ಬೇಕಾದವರಿಗೆ ಮುದ್ರಾ ಒಳ್ಳೆಯದು, ಹೊಸದಾಗಿ ಯಂತ್ರ ಹಾಕಿ ತಯಾರಿಕೆ ಆರಂಭಿಸುವವರಿಗೆ ಪಿಎಂಇಜಿಪಿ ಒಳ್ಳೆಯದು.

ಅತ್ತಿಗೆಯ ಅನುಭವ ನನ್ನದಕ್ಕಿಂತ ಸುಗಮವಾಗಿತ್ತು. ಅವರು ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಾರೆ. 2020ರಲ್ಲಿ ಕೇಂದ್ರದ ಆಹಾರ ಸಂಸ್ಕರಣಾ ಸಚಿವಾಲಯ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ, ಅಂದರೆ ಪಿಎಂಎಫ್‌ಎಂಇಯಲ್ಲಿ, ವೆಚ್ಚದ ಶೇ 35ರಷ್ಟು ಸಹಾಯಧನವಿದೆ, ಅದರ ಮೇಲ್ಮಿತಿ 10 ಲಕ್ಷ. ಈ ಖರ್ಚನ್ನು ಕೇಂದ್ರ ಶೇ 60, ರಾಜ್ಯ ಶೇ 40ರಂತೆ ಹಂಚಿಕೊಳ್ಳುತ್ತವೆ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಇನ್ನೂ ಶೇ 15 ಸೇರಿಸಿ ಒಟ್ಟು ಶೇ 50ಕ್ಕೆ ಏರಿಸಿದೆ. ನನಗೆ ಅದರಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಎಂಬ ವ್ಯವಸ್ಥೆ. ಅರ್ಜಿ ಬರೆಯುವುದರಿಂದ ಬ್ಯಾಂಕಿಗೆ ಜೊತೆಯಲ್ಲಿ ಹೋಗುವವರೆಗೆ ಅವರು ನೋಡಿಕೊಳ್ಳುತ್ತಾರೆ, ಸಾಲ ಮಂಜೂರಾದ ಮೇಲೆ ಅವರ ಸಂಭಾವನೆಯನ್ನು ಸರ್ಕಾರವೇ ಕೊಡುತ್ತದೆ. ಅತ್ತಿಗೆಗೆ ಸಿಕ್ಕಿದ ಯುವಕ ಮಿಡಿ ಬರುವ ಕಾಲವನ್ನು ಕೇಳಿ ತಿಳಿದು, ಅದಕ್ಕೆ ಮುಂಚೆ ಸಾಲ ಕೈಸೇರಬೇಕೆಂದು ಹಟ ಹಿಡಿದು ಓಡಾಡಿದ. ಮೂರು ತಿಂಗಳಿಗೆ ಕೆಲಸವಾಯಿತು. ಪಿಎಂಇಜಿಪಿಯಲ್ಲಿ ಈ ವ್ಯವಸ್ಥೆ ಇಲ್ಲದ ಜಾಗವನ್ನು ಏಜೆಂಟರು ತುಂಬಿದ್ದಾರೆ. ನಮ್ಮ ತಾಲ್ಲೂಕಿನಲ್ಲೇ ಸಹಾಯಧನದ ಹತ್ತನೆಯ ಒಂದು ಪಾಲನ್ನು ಮುಂಗಡವಾಗಿ ಕೇಳಿದವರನ್ನು ನಾನು ಕಂಡಿದ್ದೇನೆ. ಪಿಎಂಇಜಿಪಿ ಅರ್ಜಿಗೆ ಶುಲ್ಕವಿಲ್ಲ. ಸಣ್ಣ ಉದ್ಯಮಗಳನ್ನು ಸರ್ಕಾರದಲ್ಲಿ ದಾಖಲಿಸಲು 2020ರ ಜುಲೈನಿಂದ ಬಂದ ಉದ್ಯಮ್ ನೋಂದಣಿಗೂ ಶುಲ್ಕವಿಲ್ಲ, ಆಧಾರ್ ಸಂಖ್ಯೆ ಇದ್ದರೆ ಅರ್ಧ ಗಂಟೆಯ ಕೆಲಸ. ಸರ್ಕಾರದ್ದೇ ಎಂಬಂತೆ ಕಾಣುವ ಜಾಲತಾಣಗಳಲ್ಲಿ ಎರಡು ಮೂರು ಸಾವಿರ ಕಳೆದುಕೊಂಡವರೂ ನಮ್ಮ ಕಡೆ ಇದ್ದಾರೆ.

ಉದ್ಯಮ್ ನೋಂದಣಿಯ ಬೆಲೆ ನನಗೆ ತಿಳಿದದ್ದು ತಡವಾಗಿ. ಬೆಂಗಳೂರಿನ ಒಬ್ಬ ಖರೀದಿದಾರರು 62 ಸಾವಿರ ರೂಪಾಯಿಯ ಮಾಲು ಒಯ್ದು ನಾಲ್ಕು ತಿಂಗಳು ಹಣ ಕೊಡಲಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆದರೆ ಇರುವ ಒಬ್ಬ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ನನ್ನಂಥವರಿಗೆ ಬರುವುದಿಲ್ಲ. ಕೆಲಸ ಮಾಡಿದ್ದು ಆದಾಯ ತೆರಿಗೆಯಲ್ಲಿ ಬಂದ ಒಂದು ತಿದ್ದುಪಡಿ: ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಟ್ಟ ವರ್ಷದಲ್ಲಿ ಮಾತ್ರ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ತೋರಿಸಬಹುದು. 2023-24ರ ಹಣಕಾಸು ವರ್ಷದಿಂದ ಇದು ಜಾರಿಯಾಯಿತು. ಆ ಮಾರ್ಚಿಯಲ್ಲಿ ಆ ಖರೀದಿದಾರರ ಲೆಕ್ಕಪರಿಶೋಧಕರೇ ನನಗೆ ಫೋನ್ ಮಾಡಿ ಉದ್ಯಮ್ ಸಂಖ್ಯೆ ಕೇಳಿದರು, ಮಾರ್ಚ್ 31ರ ಒಳಗೆ ಹಣ ಬಂತು. ಸರ್ಕಾರ ಇದರಲ್ಲಿ ನನಗೆ ಒಂದು ಪೈಸೆಯನ್ನೂ ಕೊಡಲಿಲ್ಲ, ಆದರೂ ಬೇಸಿಗೆಯ ಹಾಳೆ ಕೊಳ್ಳುವ ಹಣ ಬೇಸಿಗೆಯಲ್ಲೇ ಕೈಸೇರಿತು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನು ತಪ್ಪದೆ ಮುದ್ರಿಸಿ.

ಹಾಗೆಯೇ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಕೇಂದ್ರ ನಿಷೇಧಿಸಿದ್ದು ನಮಗೆ ಸಿಕ್ಕ ದೊಡ್ಡ ಬೆಂಬಲ. ಎಲೆ, ತೊಗಟೆಗಳಿಂದ ಮಾಡಿದ ತಟ್ಟೆಗಳಿಗೆ 2019ರ ಅಕ್ಟೋಬರಿನಿಂದ ಜಿಎಸ್‌ಟಿ ಇಲ್ಲದಿರುವುದೂ ಅಷ್ಟೇ ಮುಖ್ಯ. ಮದುವೆ ಮನೆಗಳಿಂದ ಬೇಡಿಕೆ ಬಂತು. ನಮ್ಮಿಂದ ದೊನ್ನೆ ಕೊಳ್ಳುವ ಶಿವಮೊಗ್ಗದ ಚುರುಮುರಿ ಗಾಡಿಯವರು ಸಹ ಕೇಂದ್ರದ ಸಾಲದಲ್ಲೇ ಬೆಳೆದವರು: ಬೀದಿ ವ್ಯಾಪಾರಿಗಳಿಗಾಗಿ 2020ರ ಜೂನಿನಲ್ಲಿ ಬಂದ ಪಿಎಂ ಸ್ವನಿಧಿಯಲ್ಲಿ ಮೊದಲು 10 ಸಾವಿರ, ತೀರಿಸಿದ ಮೇಲೆ 20 ಸಾವಿರ, ಬಳಿಕ 50 ಸಾವಿರ ಪಡೆದರು. 2025ರಲ್ಲಿ ಮೊದಲ ಕಂತನ್ನು 15 ಸಾವಿರಕ್ಕೂ ಎರಡನೆಯದನ್ನು 25 ಸಾವಿರಕ್ಕೂ ಏರಿಸಿ ಯೋಜನೆಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿದ್ದಾರೆ. ಸಣ್ಣದರಿಂದ ಮೊದಲುಮಾಡಿ, ತೀರಿಸಿದವರಿಗೆ ದೊಡ್ಡದನ್ನು ಕೊಡುವ ಈ ಏಣಿ ಪಿಎಂಇಜಿಪಿಯಲ್ಲಿ ಕೆಳಗಿನ ಹಂತಕ್ಕೆ ಇಲ್ಲ. ಚೆನ್ನಾಗಿ ನಡೆದ ಘಟಕ ವಿಸ್ತರಿಸಲು 1 ಕೋಟಿವರೆಗಿನ ಎರಡನೆಯ ಸಾಲವಿದೆ, ಶೇ 15ರ ಸಹಾಯಧನವೂ ಇದೆ. ನನ್ನಂಥವರಿಗೆ ಬೇಕಾಗಿರುವುದು ಪ್ರತಿ ಡಿಸೆಂಬರಿನಲ್ಲಿ ಒಂದೂವರೆ ಲಕ್ಷ.

ಸೂಕ್ಷ್ಮ ಉದ್ಯಮದ ವ್ಯಾಖ್ಯೆಯ ಬಗ್ಗೆಯೂ ನನಗೆ ಕಳವಳವಿದೆ. 2025ರ ಏಪ್ರಿಲ್‌ನಿಂದ ಎರಡೂವರೆ ಕೋಟಿ ಹೂಡಿಕೆ, 10 ಕೋಟಿ ವಹಿವಾಟಿನವರೆಗಿನ ಎಲ್ಲವೂ ಸೂಕ್ಷ್ಮ ಉದ್ಯಮವೇ. ಒಂದು ಪ್ರೆಸ್ ಇಟ್ಟುಕೊಂಡ ನಾನೂ, ನಲವತ್ತು ಜನ ಕೆಲಸಗಾರರಿರುವ ಕಾರ್ಖಾನೆಯೂ ಒಂದೇ ಸಾಲಿನಲ್ಲಿ ನಿಂತಿದ್ದೇವೆ. ಸೂಕ್ಷ್ಮ ಉದ್ಯಮಗಳಿಗೆ ಇಷ್ಟು ಸಾಲ ಕೊಡಬೇಕೆಂಬ ಗುರಿಯನ್ನು ಬ್ಯಾಂಕು ಮುಟ್ಟಬೇಕಾದಾಗ ಹತ್ತು ಚಿಕ್ಕ ಕಡತಗಳಿಗಿಂತ ಒಂದು ದೊಡ್ಡ ಕಡತ ಸುಲಭವಾಗಿ ಕಾಣುವುದು ಸಹಜ. ನಮ್ಮಂಥ ಮನೆಯ ಘಟಕಗಳಿಗೆ ಒಳಗೇ ಒಂದು ಪ್ರತ್ಯೇಕ ಪಾಲು ಗೊತ್ತುಮಾಡಬೇಕು.

ಇನ್ನೊಂದು ತುರ್ತಿನ ಸಂಗತಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆ ಹಾಳೆಯ ತಟ್ಟೆಗಳು ಆಹಾರ ಬಡಿಸಲು ತಕ್ಕವಲ್ಲವೆಂದು ಹೇಳಿ ಅವುಗಳ ಆಮದಿಗೆ ತಡೆಯೊಡ್ಡಿತು. ಅಡಿಕೆಯಲ್ಲಿರುವ ರಾಸಾಯನಿಕಗಳು ಊಟಕ್ಕೆ ಸೇರಬಹುದೆಂಬ ಅನುಮಾನ ಅವರದು. ನಾನು ನೇರವಾಗಿ ರಫ್ತು ಮಾಡುವವಳಲ್ಲ, ಆದರೆ ನನ್ನ ಮಾಲಿನ ಮೂರನೆಯ ಒಂದು ಪಾಲನ್ನು ರಫ್ತುದಾರರೊಬ್ಬರು ಒಯ್ಯುತ್ತಿದ್ದರು. ಜೂನಿನಲ್ಲಿ ಅವರು ಬೇಡ ಎಂದರು. ಒಂದು ಪ್ರೆಸ್ಸಿನ ಘಟಕ ಪ್ರಯೋಗಾಲಯದ ಪರೀಕ್ಷೆಯ ಖರ್ಚು ಹೊರುವುದು ಅಸಾಧ್ಯ. ಕಾಸರಗೋಡಿನಲ್ಲಿ ಕೇಂದ್ರದ್ದೇ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ವಿಟ್ಲದಲ್ಲಿ ಅದರ ಶಾಖೆ ಇದೆ. ಬಿಸಿ ಸಾರು, ಮೊಸರು, ಎಣ್ಣೆ ಪದಾರ್ಥ ಬಡಿಸಿದಾಗ ತಟ್ಟೆಯಿಂದ ಏನು ಇಳಿಯುತ್ತದೆ, ಏನು ಇಳಿಯುವುದಿಲ್ಲ ಎಂಬುದನ್ನು ಸರ್ಕಾರದ ಪ್ರಯೋಗಾಲಯ ಪರೀಕ್ಷಿಸಿ ಕನ್ನಡದಲ್ಲಿ ಪ್ರಕಟಿಸಲಿ. ಫಲಿತಾಂಶ ನಮಗೆ ವಿರುದ್ಧವಾಗಿದ್ದರೂ ತಿಳಿಯಬೇಕು, ಏಕೆಂದರೆ ಆ ತಟ್ಟೆಯಲ್ಲಿ ನಮ್ಮ ಮಕ್ಕಳೂ ಉಣ್ಣುತ್ತಾರೆ. ಸಾಲ ಕೊಟ್ಟು ಘಟಕ ಹಾಕಿಸಿದ ಮೇಲೆ ಆ ಮಾಲಿಗೆ ಬಂದ ಕುತ್ತನ್ನು ನೋಡಿಕೊಳ್ಳುವುದೂ ಯೋಜನೆಯ ಭಾಗವೇ ಆಗಬೇಕು.

ಈಗ ಅರ್ಜಿ ಹಾಕುವವರಿಗೆ ನನ್ನ ಸಲಹೆ ಹೀಗಿದೆ. ಸಹಾಯಧನವನ್ನು ಲೆಕ್ಕದಿಂದ ಪೂರ್ತಿ ತೆಗೆದಿಟ್ಟು, ಪೂರ್ತಿ ಸಾಲಕ್ಕೇ, ನನ್ನ ಲೆಕ್ಕದಲ್ಲಾದರೆ 7 ಲಕ್ಷದ 60 ಸಾವಿರಕ್ಕೇ, ಕಂತು ಕಟ್ಟಲು ಸಾಧ್ಯವೇ ಎಂದು ನೋಡಿ; ಸಾಧ್ಯವಿದ್ದರೆ ಮಾತ್ರ ಮುಂದುವರಿಯಿರಿ. ಯೋಜನಾ ವರದಿಯನ್ನು ಇನ್ನೊಬ್ಬರಿಂದ ಬರೆಸಿದರೂ ದುಡಿಯುವ ಬಂಡವಾಳದ ಪುಟವನ್ನು ನೀವೇ ಬರೆಯಿರಿ, ನಿಮ್ಮ ಕಸುಬಿನ ಹನ್ನೆರಡು ತಿಂಗಳನ್ನು ಅದರಲ್ಲಿ ತೋರಿಸಿ. ಸಾಧ್ಯವಾದರೆ ತರಬೇತಿಯನ್ನು ಅರ್ಜಿಗೆ ಮುಂಚೆಯೇ ಮುಗಿಸಿ. ಕಡತ ನಿಂತಾಗ ಏಜೆಂಟರ ಬದಲು ಬ್ಯಾಂಕಿನವರನ್ನೇ ಮನೆಗೆ ಕರೆಯಿರಿ, ಕೆಲಸವನ್ನು ಕಣ್ಣಿಗೆ ತೋರಿಸಿ. ಘಟಕದ ಬಾಗಿಲಿಗೆ ಯೋಜನೆಯ ಹೆಸರಿನ ಫಲಕ ಹಾಕುವುದು ಕಡ್ಡಾಯ, ಪರಿಶೀಲನೆಗೆ ಬಂದವರು ಮೊದಲು ಅದನ್ನೇ ನೋಡುತ್ತಾರೆ.

ನಮ್ಮ ಮಾಡಿನ ಫಲಕ ಮೂರು ಮಳೆಗಾಲದ ನೀರಿಗೆ ಬಣ್ಣ ಕಳೆದುಕೊಂಡಿತ್ತು. 2025ರ ನವೆಂಬರಿನಲ್ಲಿ ಪರಿಶೀಲನೆಗೆ ಬಂದ ಹುಡುಗ ಅದರ ಚಿತ್ರ ತೆಗೆಯುವ ಮುಂಚೆ ಕರವಸ್ತ್ರದಿಂದ ಪಾಚಿಯನ್ನು ಒರೆಸಿದ. ಬಳಿಕ ಒಳಗೆ ಬಂದು, ಓಡುತ್ತಿದ್ದ ಪ್ರೆಸ್ಸಿನ ಮುಂದೆ ನಿಂತು, ಬಿಸಿ ತಟ್ಟೆಯೊಂದನ್ನು ಎತ್ತಿ ಮೂಸಿ ನೋಡಿ, ಮುಂದಿನ ಬೇಸಿಗೆಗೆ ಎಷ್ಟು ಹಾಳೆ ಕೊಳ್ಳುತ್ತೀರಿ ಎಂದು ಕೇಳಿದ. ನಲವತ್ತು ಸಾವಿರ ಎಂದೆ. ಅವನ ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದುಕೊಂಡ.